ಒರೆಸದ ಸ್ಲೇಟು

ಕಂಪ್ಯೂಟರಿನ ಒಳಮನೆಯಿಂದ ಗುಟ್ಟು ಸೋರುವುದು ಹೇಗೆ? ಅದನ್ನು ತಡೆಯುವ ಬಗೆ ಯಾವುದು?

ನಮ್ಮ ಬೀದಿಯ ಕೊನೆಯಲ್ಲಿ ಒಂದು ದಿನಸಿ ಅಂಗಡಿ ಇದೆಯೆಂದು ಭಾವಿಸೋಣ. ಅಂಗಡಿಯ ಶೆಟ್ಟರಿಗೆ ಸುಮ್ಮನೆ ಕಾಗದ ಖರ್ಚುಮಾಡುವ ಅಭ್ಯಾಸವಿಲ್ಲ. ಲೆಕ್ಕವೆಲ್ಲ ಸ್ಲೇಟಿನ ಮೇಲೆ. ನೀವು ಹೋಗಿ, "ನನ್ನ ಬಾಕಿ ಎಷ್ಟು, ಶೆಟ್ಟರೆ?" ಎಂದು ಕೇಳುತ್ತೀರಿ. ಅವರು ಸ್ಲೇಟಿನ ಒಂದು ಮೂಲೆಯಲ್ಲಿ ಮೊತ್ತವನ್ನು ಬರೆದು, ಸ್ಲೇಟನ್ನೇ ನಿಮ್ಮ ಕೈಗೆ ಕೊಡುತ್ತಾರೆ. ಮೊತ್ತ ಸರಿಯಾಗಿದೆ, ಒಂದು ಕಾಸೂ ಹೆಚ್ಚುಕಡಿಮೆಯಿಲ್ಲ. ಆದರೆ ಉಳಿದ ಮೂರು ಮೂಲೆಗಳಲ್ಲಿ ಬೆಳಗಿನ ಬರಹ ಹಾಗೆಯೇ ಇದೆ. ಎದುರು ಮನೆಯ ರಾಯರ ಮೂರು ತಿಂಗಳ ಸಾಲ, ಹಿಂದಿನ ಬೀದಿಯ ಅಮ್ಮನವರು ಪಡೆದ ಕೈಗಡ, ಶೆಟ್ಟರ ಹಣದ ಪೆಟ್ಟಿಗೆಯ ಬೀಗದ ಕೈ ಇಟ್ಟಿರುವ ಜಾಗ, ಎಲ್ಲವನ್ನೂ ನೀವು ನಿಂತಲ್ಲಿಯೇ ಓದಬಹುದು. ಯಾರೂ ಬೀಗ ಮುರಿಯಲಿಲ್ಲ, ಕನ್ನ ಕೊರೆಯಲಿಲ್ಲ. ಶೆಟ್ಟರು ಸ್ಲೇಟನ್ನು ಒರೆಸುವುದನ್ನು ಮರೆತರು, ಅಷ್ಟೆ.

ನಮ್ಮ ಮನೆಯ ಕಂಪ್ಯೂಟರು, ಕೈಯಲ್ಲಿರುವ ಫೋನು, ಬ್ಯಾಂಕಿನ ದೊಡ್ಡ ಯಂತ್ರ, ಇವೆಲ್ಲವುಗಳ ಒಳಗೂ ಇಂಥದೇ ಒಬ್ಬ ಶೆಟ್ಟರಿದ್ದಾರೆ. ಅವರ ಮರೆವಿನ ಕಥೆಯೂ, ಆ ಮರೆವಿಗೆ ಮದ್ದು ಹುಡುಕಿದವರ ಕಥೆಯೂ ತಿಳಿಯಬೇಕಾದುದೇ ಆಗಿದೆ.

ತಿರುಳಿನ ಕೆಲಸ

ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ಹತ್ತಾರು ಪ್ರೋಗ್ರಾಂಗಳು ನಡೆಯುತ್ತಿರುತ್ತವೆ. ಒಂದು ಪತ್ರ ಓದಿಸುತ್ತದೆ, ಒಂದು ಹಾಡು ಕೇಳಿಸುತ್ತದೆ, ಇನ್ನೊಂದು ಬ್ಯಾಂಕಿನೊಡನೆ ವ್ಯವಹರಿಸುತ್ತದೆ. ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯಕೂಡದು. ಆದುದರಿಂದ ಇವುಗಳ ನಡುವೆ ಗೋಡೆ ಕಟ್ಟಿ, ಯಾರಿಗೆ ಎಷ್ಟು ಜಾಗವೆಂದು ಹಂಚಿ, ಯಂತ್ರದ ಭಾಗಗಳನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಂಡು ಆಡಳಿತ ನಡೆಸುವ ಒಂದು ಮೂಲ ಪ್ರೋಗ್ರಾಂ ಇರುತ್ತದೆ. ಅದಕ್ಕೆ 'ಕರ್ನಲ್' ಎಂದು ಹೆಸರು. ತಿರುಳು ಎಂದು ಅರ್ಥ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬಾತ ಬರೆಯತೊಡಗಿದ 'ಲಿನಕ್ಸ್' ಅಂಥದೊಂದು ಕರ್ನಲ್. ಆಂಡ್ರಾಯ್ಡ್ ಫೋನುಗಳೆಲ್ಲದರ ಒಳಗೂ ಇರುವುದು ಅದೇ.

ಸಾಮಾನ್ಯ ಪ್ರೋಗ್ರಾಂ ಯಾವುದೇ ವಿಷಯ ಬೇಕಾದಾಗ ಕರ್ನಲನ್ನು ಕೇಳಬೇಕು. ಕರ್ನಲ್ ತನ್ನ ಮೆಮೊರಿಯ, ಅಂದರೆ ನೆನಪಿನ ಕೋಶದ, ಒಂದು ತುಂಡಿನಲ್ಲಿ ಉತ್ತರವನ್ನು ಸಿದ್ಧಪಡಿಸಿ, ಆ ತುಂಡಿನ ಪ್ರತಿಯನ್ನು ಗೋಡೆಯಾಚೆಗೆ ಕೊಡುತ್ತದೆ. ಶೆಟ್ಟರು ಸ್ಲೇಟು ಕೊಟ್ಟಂತೆಯೇ.

ಹಳೆಯ ಬರಹ ಉಳಿಯುವುದೇಕೆ?

ಮೆಮೊರಿಯ ಒಂದು ಭಾಗವನ್ನು ಉಪಯೋಗಿಸಿ ಮುಗಿದೊಡನೆ ಅಲ್ಲಿದ್ದ ವಿಷಯ ತಾನಾಗಿ ಅಳಿಸಿಹೋಗುವುದೆಂದು ಅನೇಕರು ತಿಳಿದಿದ್ದಾರೆ. ಹಾಗಾಗುವುದಿಲ್ಲ. 'ಈ ಜಾಗ ಖಾಲಿಯಿದೆ' ಎಂದು ಲೆಕ್ಕದಲ್ಲಿ ಗುರುತು ಬೀಳುತ್ತದೆ, ಅಷ್ಟೆ; ಬರಹ ಬರಹವಾಗಿಯೇ ಉಳಿದಿರುತ್ತದೆ. ಅಳಿಸಲು ಸಮಯ ಬೇಕು. ಸೆಕೆಂಡಿಗೆ ಸಾವಿರಾರು ಸಲ ಪಡೆದು ಬಿಡುವ ಜಾಗವನ್ನು ಪ್ರತಿಸಲವೂ ಒರೆಸುತ್ತ ಕುಳಿತರೆ ಕೆಲಸ ನಿಧಾನವಾಗುವುದೆಂಬ ಅಂಜಿಕೆ ಮೊದಲಿನಿಂದಲೂ ಇತ್ತು.

ಕರ್ನಲುಗಳನ್ನು ಬಹುಮಟ್ಟಿಗೆ ಬರೆದಿರುವುದು 'ಸಿ' ಎಂಬ ಭಾಷೆಯಲ್ಲಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿಯವರು ಇದನ್ನು ರೂಪಿಸಿದರು. ಚುರುಕಾದ, ಮಿತವ್ಯಯದ ಭಾಷೆ ಇದು. ಬರೆಯುವವನು ಹೇಳದ ಹೊರತು ತಾನಾಗಿ ಏನನ್ನೂ ಮಾಡದು. ಒರೆಸೆಂದರೆ ಒರೆಸುತ್ತದೆ, ಹೇಳಲು ಮರೆತರೆ ಇಲ್ಲ. ಲಿನಕ್ಸಿನಂಥ ಕರ್ನಲಿನಲ್ಲಿ ಇರುವುದು ಕೋಟಿಗಟ್ಟಲೆ ಸಾಲುಗಳು. ಬರೆದಿರುವವರು ಸಾವಿರಾರು ಮಂದಿ. ಅವರಲ್ಲಿ ಯಾರೂ, ಎಂದೂ, ಎಲ್ಲಿಯೂ ಮರೆಯಬಾರದೆಂದರೆ ಆಗುವ ಮಾತೆ?

ಹದಿನೆಂಟು ಬೈಟುಗಳ ಕಥೆ

2003ರ ಜನವರಿಯಲ್ಲಿ ಓಫಿರ್ ಆರ್ಕಿನ್ ಮತ್ತು ಜೋಶ್ ಆಂಡರ್ಸನ್ ಎಂಬ ಇಬ್ಬರು ಪ್ರಕಟಿಸಿದ ಒಂದು ಶೋಧ ಈ ಮರೆವಿಗೆ ಒಳ್ಳೆಯ ನಿದರ್ಶನ.

ಕಚೇರಿಯ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ 'ಈಥರ್ನೆಟ್' ಪದ್ಧತಿಯಲ್ಲಿ ಒಂದು ಕಟ್ಟಳೆಯುಂಟು. ಕಳುಹಿಸುವ ವಿಷಯ ಕನಿಷ್ಠ 46 ಬೈಟುಗಳಷ್ಟಾದರೂ ಇರಬೇಕು. ಒಂದು ಬೈಟೆಂದರೆ ಸ್ಥೂಲವಾಗಿ ಒಂದು ಇಂಗ್ಲಿಷ್ ಅಕ್ಷರ ಹಿಡಿಸುವ ಜಾಗ. "ಈ ವಿಳಾಸದವರು ನಿಮ್ಮಲ್ಲಿ ಯಾರು?" ಎಂದು ಒಂದು ಯಂತ್ರ ಜಾಲದಲ್ಲೆಲ್ಲ ಕೂಗಿ ಕೇಳುವ ಸಂದೇಶಕ್ಕೆ ಬೇಕಾಗುವುದು 28 ಬೈಟುಗಳು ಮಾತ್ರ. ಉಳಿದ 18ನ್ನು ಏನಾದರೂ ಹಾಕಿ ತುಂಬಬೇಕು. ಏನು ಹಾಕಬೇಕು? ಸೊನ್ನೆಗಳನ್ನು ಹಾಕಬೇಕೆಂದು 1984ರ ನಿಯಮಪತ್ರದಲ್ಲಿಯೇ ಸ್ಪಷ್ಟವಾಗಿ ಬರೆದಿತ್ತು.

ಆದರೆ ಈಥರ್ನೆಟ್ ಕಾರ್ಡುಗಳನ್ನು ನಡೆಸುವ, ಕರ್ನಲಿಗೆ ಸೇರಿದ ಪ್ರೋಗ್ರಾಂಗಳನ್ನು ಬರೆದ ಹಲವರು ಆ ಸಾಲನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಅವರು 46ರ ಉದ್ದವನ್ನು ಹೇಳಿ ಕಳುಹಿಸಿಬಿಡುತ್ತಿದ್ದರು. 28 ಬೈಟು ಸಂದೇಶದ ಹಿಂದೆ ಮೆಮೊರಿಯಲ್ಲಿ ಏನು ಬಿದ್ದಿತ್ತೋ ಅದೇ ಹದಿನೆಂಟು ಬೈಟಾಗಿ ತಂತಿಯ ಮೇಲೆ ಹೊರಟುಹೋಗುತ್ತಿತ್ತು. ಕೆಲವೊಮ್ಮೆ ಅದು ಸ್ವಲ್ಪ ಮೊದಲು ಇನ್ನಾರಿಗೋ ಹೋದ ಸಂದೇಶದ ತುಣುಕು. ಕೆಲವೊಮ್ಮೆ ಕರ್ನಲಿನ ಸ್ವಂತ ಮೆಮೊರಿಯ ಚೂರು. ಅದೇ ಜಾಲದಲ್ಲಿ ಕುಳಿತವನೊಬ್ಬ ಚಿಕ್ಕ ಚಿಕ್ಕ ಪ್ರಶ್ನೆಗಳನ್ನು ಕೇಳುತ್ತ ಹೋದರೆ ಸಾಕು. ಪ್ರತಿ ಉತ್ತರದ ಬಾಲದಲ್ಲಿಯೂ ಹೊಸದೊಂದು ಚೂರು ಬರುತ್ತಿತ್ತು.

ನಿಯಮ ಹುಟ್ಟಿ 19 ವರ್ಷಗಳಾದ ಮೇಲೆ ಈ ಲೋಪ ಬೆಳಕಿಗೆ ಬಂದುದು, ಅದೂ ಒಂದಲ್ಲ, ಹಲವು ಬಗೆಯ ಕಾರ್ಡುಗಳ ಪ್ರೋಗ್ರಾಂಗಳಲ್ಲಿ! ಲಿನಕ್ಸಿನಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಕಿರಿದಾದ ಸಂದೇಶವನ್ನು ಸೊನ್ನೆಗಳಿಂದ ತುಂಬುವ ಕೆಲಸಕ್ಕೆಂದೇ ಒಂದು ಸಾಮಾನ್ಯ ವಿಧಿಯನ್ನು ಬರೆದು, ಕಾರ್ಡಿನ ಪ್ರೋಗ್ರಾಂ ಬರೆಯುವವರು ಅದನ್ನೇ ಕರೆಯುವಂತೆ ಮಾಡಿದರು. ತಲೆಗೊಬ್ಬರಂತೆ ನೆನಪಿಡುವ ಬದಲು ಒಂದೇ ಕಡೆ ಸರಿಪಡಿಸುವ ಈ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕಣ್ಣಿಗೆ ಕಾಣದ ಸಂದು

ಇದಕ್ಕಿಂತ ಸೂಕ್ಷ್ಮವಾದ ಸೋರಿಕೆಯೊಂದಿದೆ. ಇಲ್ಲಿ ಬರೆಯುವವನು ಎಚ್ಚರವಾಗಿದ್ದರೂ ಮೋಸಹೋಗುತ್ತಾನೆ.

ಕರ್ನಲ್ ಕೊಡುವ ಉತ್ತರದಲ್ಲಿ ಎರಡು ಅಂಶಗಳಿವೆಯೆನ್ನೋಣ: ಒಂದು ಬೈಟಿನ ಗುರುತು, ನಾಲ್ಕು ಬೈಟಿನ ಸಂಖ್ಯೆ. ಒಟ್ಟು ಐದು. ಆದರೆ ಸಾಮಾನ್ಯವಾಗಿ ನಾಲ್ಕು ಬೈಟಿನ ಸಂಖ್ಯೆ ನಾಲ್ಕರ ಮಗ್ಗಿಯ ಸ್ಥಾನದಲ್ಲಿಯೇ ಆರಂಭವಾಗಬೇಕು. ಆದುದರಿಂದ ಬರಹವನ್ನು ಯಂತ್ರಭಾಷೆಗೆ ತಿರುಗಿಸುವ 'ಕಂಪೈಲರ್' ಗುರುತಿನ ಹಿಂದೆ ಮೂರು ಬೈಟಿನ ಸಂದು ಬಿಟ್ಟು, ಒಟ್ಟು ಎಂಟು ಬೈಟುಗಳನ್ನು ಗೊತ್ತುಮಾಡುತ್ತದೆ. ಬರೆದವನು ಗುರುತನ್ನು ತುಂಬಿದ; ಸಂಖ್ಯೆಯನ್ನೂ ತುಂಬಿದ. ತನ್ನ ಕೆಲಸ ಸಮಗ್ರವಾಯಿತೆಂದು ನಂಬಿದ. ಆದರೆ ಗೋಡೆಯಾಚೆಗೆ ಹೋಗುವುದು ಎಂಟು ಬೈಟು. ನಡುವಣ ಮೂರು ಬೈಟುಗಳ ಸಂದಿನಲ್ಲಿ ಹಳೆಯ ಬರಹ ಅವಿತುಕೊಂಡು ಪ್ರಯಾಣಮಾಡುತ್ತದೆ. ಅವನ ಬರಹವನ್ನು ನಾಲ್ಕು ಸಲ ಓದಿದರೂ ತಪ್ಪು ಕಾಣದು, ಏಕೆಂದರೆ ಆ ಸಂದಿಗೆ ಹೆಸರೇ ಇಲ್ಲ.

ಇದಕ್ಕೆ ಮದ್ದು ಸುಲಭ: ಮೊದಲು ಎಂಟು ಬೈಟನ್ನೂ ಸೊನ್ನೆಮಾಡಿ, ಆಮೇಲೆ ತುಂಬುವುದು. ತೊಂದರೆಯೆಂದರೆ, ಇದನ್ನೂ ನೆನಪಿಟ್ಟು ಮಾಡಬೇಕು.

ಚೂರುಪಾರಿನಿಂದ ಏನು ನಷ್ಟ?

'ಮೂರು ಬೈಟಿನಿಂದ ಯಾರ ಮನೆ ಮುಳುಗೀತು?' ಎಂದು ಕೇಳಬಹುದು. ಹಿಂದೆ ಅನೇಕ ತಜ್ಞರು ಹೀಗೆಯೇ ಎಣಿಸಿ ಈ ಲೋಪಗಳನ್ನು ಹಗುರವಾಗಿ ಕಂಡರು. ಆದರೆ ನಷ್ಟ ಎರಡು ಬಗೆಯದು.

ಮೊದಲನೆಯದು ಎಲ್ಲರಿಗೂ ತಿಳಿಯುವಂಥದು. ಆ ಚೂರಿನಲ್ಲಿ ಗುಪ್ತಪದದ ತುಣುಕಿರಬಹುದು, ಯಾರದೋ ಪತ್ರದ ಒಂದು ಸಾಲಿರಬಹುದು. ಸಾವಿರ ಸಲ ಕೇಳಿದರೆ ಸಾವಿರ ಚೂರು. ಜೋಡಿಸುವ ತಾಳ್ಮೆಯುಳ್ಳವನಿಗೆ ಅಷ್ಟು ಸಾಕು.

ಎರಡನೆಯದು ಇನ್ನೂ ಕೆಟ್ಟದು. ಕರ್ನಲಿಗೆ ಕನ್ನ ಹಾಕುವವನಿಗೆ ಒಳಗೆ ಯಾವುದು ಎಲ್ಲಿದೆಯೆಂದು ಗೊತ್ತಿರಬೇಕು. ಅದು ತಿಳಿಯದಿರಲೆಂದು, ಯಂತ್ರ ಹೊತ್ತಿಸಿದಾಗಲೆಲ್ಲ ಕರ್ನಲ್ ಬೇರೆ ಬೇರೆ ಸ್ಥಾನದಲ್ಲಿ ಕೂರುವ ಏರ್ಪಾಟು 2014ರಲ್ಲಿ ಲಿನಕ್ಸಿಗೆ ಬಂದಿತು. ಆದರೆ ಹಳೆಯ ಬರಹದಲ್ಲಿ ಹೆಚ್ಚಾಗಿ ಇರುವುದೇ ಕರ್ನಲಿನ ಒಳವಿಳಾಸಗಳು. ಅಂಥ ಒಂದೇ ಒಂದು ವಿಳಾಸ ಹೊರಬಿದ್ದರೆ ಸಾಕು, ಉಳಿದ ಸ್ಥಾನಗಳನ್ನು ಕೂಡಿ ಕಳೆದು ಕಂಡುಹಿಡಿಯಬಹುದು. ಅಡಗಿ ಕುಳಿತ ಶ್ರಮವೆಲ್ಲ ನೀರುಪಾಲು. ಶೆಟ್ಟರ ಸ್ಲೇಟಿನಲ್ಲಿ ಸಾಲದ ಲೆಕ್ಕಕ್ಕಿಂತ ಬೀಗದ ಕೈಯ ಜಾಗವೇ ಹೆಚ್ಚು ಅಪಾಯದ್ದಲ್ಲವೆ?

ಒರೆಸುವ ಕೈಗಳು

ಆರಂಭದಲ್ಲಿ ಈ ಸೋರಿಕೆಗಳನ್ನು ಒಂದೊಂದಾಗಿಯೇ ಹುಡುಕಿ ಮುಚ್ಚುತ್ತಿದ್ದರು. 2012 ಮತ್ತು 2013ರಲ್ಲಿ ಮಥಿಯಾಸ್ ಕ್ರೌಸ್ ಎಂಬಾತ ಲಿನಕ್ಸಿನ ಸಂಪರ್ಕ ವಿಭಾಗದ ಬರಹವನ್ನು ಸೋಸಿ, ಇಂಥ ಅನೇಕ ಲೋಪಗಳನ್ನು ತಿದ್ದಿದರು. ಮೆಚ್ಚತಕ್ಕ ಶ್ರಮ. ಆದರೆ ಹಳೆಯ ರಂಧ್ರ ಮುಚ್ಚುವಷ್ಟರಲ್ಲಿ ಹೊಸ ಬರಹ ಹೊಸ ರಂಧ್ರವನ್ನು ತರುತ್ತಿತ್ತು.

ಗೂಗಲ್ ಸಂಸ್ಥೆಯ ಮಾಟೆಯುಶ್ ಯುರ್ಚಿಕ್ ಎಂಬವರು ಬೇರೊಂದು ದಾರಿ ಹಿಡಿದರು. ಒಂದು ಯಂತ್ರದೊಳಗೆ ಇನ್ನೊಂದು ಕಾಲ್ಪನಿಕ ಯಂತ್ರವನ್ನು ನಡೆಸಿ, ಅದರಲ್ಲಿ ಕರ್ನಲ್ ಹೊಸದಾಗಿ ಪಡೆದ ಮೆಮೊರಿಗೆಲ್ಲ ಬಣ್ಣ ಬಳಿದಂತೆ ಗುರುತು ಹಾಕಿದರು. ಬರೆದ ಜಾಗದ ಬಣ್ಣ ಹೋಗುತ್ತದೆ; ಬರೆಯದ ಜಾಗದ್ದು ಉಳಿಯುತ್ತದೆ. ಬಣ್ಣ ಹತ್ತಿದ ಬೈಟು ಗೋಡೆ ದಾಟಿತೆಂದರೆ ಕಳ್ಳ ಸಿಕ್ಕಿಬಿದ್ದಂತೆ. 2017ರಿಂದ 2018ರ ಆರಂಭದವರೆಗೆ ಈ ವಿಧಾನದಿಂದ ವಿಂಡೋಸ್ ಕರ್ನಲಿನಲ್ಲಿ 70ಕ್ಕೂ ಹೆಚ್ಚು, ಲಿನಕ್ಸಿನಲ್ಲಿ ಅಷ್ಟು ಗಂಭೀರವಲ್ಲದ 10ಕ್ಕೂ ಹೆಚ್ಚು ಲೋಪಗಳು ದೊರೆತುವು. ವರ್ಷಾನುಗಟ್ಟಲೆ ನುರಿತವರು ಓದಿ ತಿದ್ದಿದ ಬರಹದಲ್ಲಿಯೇ ಇಷ್ಟು!

ಇದೇ ತತ್ತ್ವದ ಇನ್ನೊಂದು ಕಾವಲುಗಾರ 2022ರ ಡಿಸೆಂಬರಿನಲ್ಲಿ ಲಿನಕ್ಸಿನೊಳಗೇ ಸೇರಿತು. ಮೆಮೊರಿಯ ಒಂದೊಂದು ಬಿಟ್ಟಿಗೂ ಒಂದು ನೆರಳು ಬಿಟ್ಟನ್ನು ಇಟ್ಟು, 'ಇದನ್ನು ತುಂಬಿದೆಯೋ ಇಲ್ಲವೋ' ಎಂದು ಅದು ಲೆಕ್ಕವಿಡುತ್ತದೆ. ಬಹಳ ಮೆಮೊರಿ ತಿನ್ನುವುದರಿಂದ ಇದನ್ನು ಪರೀಕ್ಷೆಯ ಯಂತ್ರಗಳಲ್ಲಿ ಮಾತ್ರ ಬಳಸುತ್ತಾರೆ.

ಮನೆಯ ಪದ್ಧತಿ

ಹುಡುಕುವುದು ಒಂದು ಬಗೆಯಾದರೆ, ಮರೆತರೂ ಸೋರದಂತೆ ಮಾಡುವುದು ಇನ್ನೊಂದು ಬಗೆ. ಕೊನೆಗೂ ಹೆಚ್ಚು ಫಲ ಕೊಟ್ಟುದು ಇದೇ.

2018ರ ಜನವರಿಯಲ್ಲಿ ಬಂದ ಲಿನಕ್ಸಿನಲ್ಲಿ, ಕರ್ನಲ್ ತನ್ನ ದಿನಚರಿಯಲ್ಲಿ ಒಳವಿಳಾಸವನ್ನು ಬರೆಯುವಾಗ ನಿಜವಾದ ವಿಳಾಸದ ಬದಲು ಅದರ ಗೂಢರೂಪವನ್ನು ಮಾತ್ರ ಬರೆಯುವ ವಾಡಿಕೆ ಬಂದಿತು. ನಿಜರೂಪ ಬೇಕಾದವನು ಅದನ್ನು ಬೇರೆಯಾಗಿ ಕೇಳಬೇಕು. 2019ರಲ್ಲಿ ಮೆಮೊರಿಯನ್ನು ಹಂಚುವಾಗಲೇ, ಇಲ್ಲವೆ ಹಿಂದಕ್ಕೆ ಪಡೆಯುವಾಗಲೇ ಸೊನ್ನೆಮಾಡುವ ಎರಡು ಏರ್ಪಾಟುಗಳು ಸೇರಿದವು. ಸಣ್ಣಪುಟ್ಟ ಕೆಲಸಗಳಿಗಾಗಿ ಕರ್ನಲ್ ಕ್ಷಣಮಾತ್ರ ಬಳಸುವ 'ಸ್ಟ್ಯಾಕ್' ಎಂಬ ಜಾಗವನ್ನೂ ಕಂಪೈಲರೇ ಸೊನ್ನೆಮಾಡಿಕೊಡುವ ಪದ್ಧತಿ, ಕಂಪೈಲರಿಗೆ ಆ ಶಕ್ತಿ ಇದ್ದಲ್ಲಿ, 2021ರಿಂದ ಲಿನಕ್ಸಿನ ಸಹಜ ನಡೆಯಾಯಿತು. ಫೋನುಗಳಿಗಾಗಿ ಆಂಡ್ರಾಯ್ಡ್ 2020ರಲ್ಲಿಯೂ, ವಿಂಡೋಸ್ ಸಹ ಅದೇ ಸುಮಾರಿಗೂ ಈ ಹಾದಿ ಹಿಡಿದವು.

ವೇಗ ಕುಗ್ಗುವುದೆಂಬ ಹಳೆಯ ಅಂಜಿಕೆ ಏನಾಯಿತು? ಹಂಚುವಾಗ ಒರೆಸಿದರೆ ಬಹುಪಾಲು ಪರೀಕ್ಷೆಗಳಲ್ಲಿ ನಷ್ಟ ನೂರಕ್ಕೆ ಒಂದಕ್ಕಿಂತ ಕಡಿಮೆ. ಬೇಕೆಂದೇ ಕಷ್ಟಕೊಡುವ ಪರೀಕ್ಷೆಗಳಲ್ಲಿ ನೂರಕ್ಕೆ 7ರವರೆಗೆ. ಹಿಂದಕ್ಕೆ ಪಡೆಯುವಾಗ ಒರೆಸಿದರೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5. ಕಾರಣ ಸ್ವಾರಸ್ಯವಾದುದು: ಹಂಚುವಾಗ ಒರೆಸಿದ ಜಾಗದಲ್ಲಿ ಕೂಡಲೇ ಬರೆಯುವುದಿರುತ್ತದೆ, ಆದುದರಿಂದ ಅದು ಹೇಗೂ ಕೈಗೆ ಹತ್ತಿರ ಬರಬೇಕಾದುದೇ, ಬಿಟ್ಟುಹೋದ ಜಾಗವನ್ನಾದರೋ ಒರೆಸಲೆಂದೇ ಹತ್ತಿರ ತರಬೇಕು. ಎಷ್ಟೋ ವರ್ಷ ಅಂಜಿ ದೂರವಿಟ್ಟ ಕೆಲಸದ ಬೆಲೆ ಕೊನೆಗೆ ಇಷ್ಟೇ ಆಗಿತ್ತು.

ಒರೆಸಿದರೂ ಉಳಿಯುವ ಮಾತು

ಹಾಗೆಂದು ಒರೆಸುವುದು ಸರ್ವರೋಗ ನಿವಾರಿಣಿಯೇನೂ ಅಲ್ಲ. ತುಂಬಬೇಕಾದ ಸಂಖ್ಯೆಯನ್ನು ತುಂಬಲು ಮರೆತರೆ, ಸೊನ್ನೆ ಅಲ್ಲಿ ಕುಳಿತು ಆ ತಪ್ಪನ್ನು ಮರೆಮಾಚಬಹುದು. ಅದಕ್ಕಾಗಿಯೇ ನೆರಳು ಬಿಟ್ಟುಗಳ ಕಾವಲು ಈಗಲೂ ಬೇಕು. ಕೇಳಿದ್ದಕ್ಕಿಂತ ಹೆಚ್ಚು ಉದ್ದದ ಪ್ರತಿ ತೆಗೆದುಕೊಟ್ಟರೂ ಒರೆಸಿ ಪ್ರಯೋಜನವಿಲ್ಲ, ಪಕ್ಕದ ಜಾಗದಲ್ಲಿ ಇರುವುದು ಜೀವಂತ ಬರಹ. ಅದಕ್ಕೆಂದೇ 2016ರಿಂದ ಲಿನಕ್ಸಿನಲ್ಲಿ ಪ್ರತಿಯ ಉದ್ದವನ್ನು ಅಳೆದು ನೋಡುವ ತಪಾಸಣೆ ಇದೆ. 2018ರ ಜನವರಿಯಲ್ಲಿ ಬಯಲಾದ 'ಮೆಲ್ಟ್‌ಡೌನ್' ಎಂಬ ದೋಷವಂತೂ ಪ್ರೊಸೆಸರಿನದೇ ಆಗಿತ್ತು. ಕರ್ನಲಿನ ಬರಹದಲ್ಲಿ ಒಂದಕ್ಷರ ತಪ್ಪಿಲ್ಲದಿದ್ದರೂ ಗೋಡೆಯ ಮೂಲಕವೇ ಒಳಗಿನದು ಕಾಣುತ್ತಿತ್ತು.

ಆದರೂ ಈ ಕಥೆಯಲ್ಲಿ ಮನೆವಾರ್ತೆ ನಡೆಸುವವರಿಗೆ ಪರಿಚಿತವಾದ ಒಂದು ವಿವೇಕವಿದೆ. 'ದಿನವೂ ನೆನಪಿಟ್ಟುಕೊಂಡು ಬಾಗಿಲು ಹಾಕಿ' ಎಂದು ಮನೆಮಂದಿಗೆಲ್ಲ ಹೇಳುತ್ತಿರುವುದಕ್ಕಿಂತ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ಇಡಿಸುವುದು ಮೇಲು. ಫೋನು 'ಹೊಸ ಅಪ್‌ಡೇಟ್ ಬಂದಿದೆ' ಎಂದಾಗ ನಾವು ಬೇಸರಪಟ್ಟು ನಾಳೆಗೆ ತಳ್ಳುತ್ತೇವೆ. ಯಾರೋ ಎಲ್ಲಿಯೋ ಹುಡುಕಿ ಮುಚ್ಚಿದ ಮೂರು ಬೈಟಿನ ಸಂದು ನಮ್ಮ ಮನೆಗೆ ಬರುವುದು ಆ ದಾರಿಯಿಂದಲೇ. ಶೆಟ್ಟರು ಸ್ಲೇಟು ಒರೆಸುವುದನ್ನು ಕಲಿತಿದ್ದಾರೆ. ಹೊಸ ಸ್ಲೇಟನ್ನು ಒಳಗೆ ತೆಗೆದುಕೊಳ್ಳುವುದು ಮಾತ್ರ ನಮ್ಮ ಪಾಲಿನ ಕೆಲಸ.