ಅಮ್ಮ, ಅಣ್ಣ ಮತ್ತು 2662

ಗುಂಡಿಗಳುಳ್ಳ ಹಳೆಯ ಮೊಬೈಲು ಫೋನೊಂದು ನನ್ನ ಮೇಜಿನ ಖಾನೆಯಲ್ಲಿ ಇಂದಿಗೂ ಇದೆ. ಬ್ಯಾಟರಿ ಉಬ್ಬಿ ಅದು ಮೂಕವಾಗಿ ವರ್ಷಗಳೇ ಸಂದಿದ್ದರೂ, ಅದರ ಮೋರೆಯನ್ನು ನೋಡಿದ ಮಾತ್ರಕ್ಕೆ ಒಡೆಯನ ಭಾಷೆ ಯಾವುದೆಂಬುದನ್ನು ಬಲ್ಲವರು ಊಹಿಸಬಹುದು. 2 ಮತ್ತು 6ರ ಗುಂಡಿಗಳ ಮೇಲಿನ ಅಚ್ಚು ಪೂರ್ತಿಯಾಗಿ ಅಳಿಸಿಹೋಗಿದೆ. 9ರ ಗುಂಡಿ ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತದೆ. ರೋಮನ್ ಲಿಪಿಯಲ್ಲಿ ಕನ್ನಡವನ್ನು ಬರೆಯಹೊರಟವನಿಗೆ ಹೆಜ್ಜೆಹೆಜ್ಜೆಗೂ ಬೇಕಾಗುವ ‘ಎ’ ಅಕ್ಷರವು 2ರಲ್ಲಿಯೂ, ‘ಎಮ್’, ‘ಎನ್’, ‘ಓ’ಗಳು ಮೂರೂ 6ರಲ್ಲಿಯೂ ಬಿಡಾರ ಹೂಡಿದ್ದುದೇ ಇದಕ್ಕೆ ಕಾರಣ.

ಇದೇ ಫೋನಿನಿಂದ ಒಮ್ಮೆ ಹಾಸನದಲ್ಲಿದ್ದ ಅಕ್ಕನಿಗೆ, ಅಮ್ಮ ಸಂಜೆಯ ಬಸ್ಸಿಗೆ ಬರುತ್ತಾರೆಂದು ಸಂದೇಶ ಕಳುಹಿಸಿದೆ. ಆಕೆಗೆ ಮುಟ್ಟಿದ್ದು ಅಣ್ಣ ಬರುತ್ತಾರೆಂಬ ವಾರ್ತೆ. ‘ಬರುತ್ತಾರೆ’ ಎಂಬ ಗೌರವದ ಬಹುವಚನವು ಲಿಂಗಭೇದವನ್ನು ನುಂಗಿಕೊಂಡಿದ್ದುದರಿಂದ ಕ್ರಿಯಾಪದದಿಂದಲೂ ಸುಳಿವು ಸಿಕ್ಕಲಿಲ್ಲ. ಅಣ್ಣನಿಗೆಂದು ಮೆಣಸಿನಕಾಯನ್ನು ಧಾರಾಳವಾಗಿ ಹಾಕಿ ಸಾರು ಕುದಿಸಿ ಕಾದಿದ್ದವಳ ಬಾಗಿಲಲ್ಲಿ, ಖಾರವನ್ನು ನಾಲಿಗೆಗೆ ಸೋಂಕಿಸದ ಅಮ್ಮ ಬಂದು ನಿಂತರು. ತಪ್ಪು 2662 ಎಂಬ ನಾಲ್ಕು ಅಂಕಿಗಳದು.

ಅಂಕಿಯ ಗುಂಡಿಗಳ ಮೇಲೆ ಅಕ್ಷರಗಳು ಬಂದುದು ಬರೆಯುವುದಕ್ಕಾಗಿ ಅಲ್ಲವೇ ಅಲ್ಲ. ಅಮೆರಿಕದ ದೊಡ್ಡ ನಗರಗಳಲ್ಲಿ 1920ರ ದಶಕದಿಂದೀಚೆಗೆ ಟೆಲಿಫೋನು ಸಂಖ್ಯೆಯ ಆದಿಯಲ್ಲಿ ವಿನಿಮಯ ಕೇಂದ್ರದ ಹೆಸರಿನ ಮೊದಲ ಅಕ್ಷರಗಳನ್ನು ತಿರುಗಿಸುವ ರೂಢಿಯಿದ್ದಿತು. ಅದಕ್ಕಾಗಿ ಡಯಲಿನ ಒಂದೊಂದು ರಂಧ್ರಕ್ಕೂ ಮೂರು ಮೂರು ಅಕ್ಷರಗಳನ್ನು ಹಂಚಿದರು. ಹಂಚಿಕೆಗೆ ಹೊಂದದ ‘ಕ್ಯೂ’ ಮತ್ತು ‘ಝಡ್’ಗಳನ್ನು ಕೈಬಿಟ್ಟರು. ಬೆಲ್ ಸಂಸ್ಥೆಯು 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ ಒತ್ತುಗುಂಡಿಯ ಫೋನನ್ನು ಬಳಕೆಗೆ ತಂದಾಗ ಇದೇ ಹಂಚಿಕೆ ಗುಂಡಿಗಳಿಗೂ ದಾಟಿಬಂದಿತು. ಗುಂಡಿಗಳನ್ನು ಯಾವ ಕ್ರಮದಲ್ಲಿಟ್ಟರೆ ಬೆರಳು ಎಡವದೆಂಬುದನ್ನು ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞರ ಬಳಗವು ಬೆಲ್ ಪ್ರಯೋಗಾಲಯದಲ್ಲಿ ಶ್ರದ್ಧೆಯಿಂದ ಪರೀಕ್ಷಿಸಿದ್ದಿತು. ಆದರೆ ಆ ಪರೀಕ್ಷೆಯೆಲ್ಲ ಅಂಕಿಗಳನ್ನು ಕುರಿತದ್ದು. ಅಕ್ಷರಗಳು ಮನೆಯ ಜಗಲಿಯಲ್ಲಿ ಮಲಗಿದ ದೂರದ ನೆಂಟರಂತೆ ಅಲ್ಲಿ ಸುಮ್ಮನೆ ಇದ್ದುವು.

ಆ ನೆಂಟರಿಗೆ ಒಮ್ಮೆಲೇ ಯಜಮಾನಿಕೆ ದೊರೆತದ್ದು ಎಸ್ಸೆಮ್ಮೆಸ್ಸಿನ ಕಾಲದಲ್ಲಿ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡರು ಬೆರಳಚ್ಚು ಯಂತ್ರದ ಮುಂದೆ ಕುಳಿತು ಮನಸ್ಸಿಗೆ ತೋರಿದ ವಾಕ್ಯಗಳನ್ನು ಬರೆದು, ಅಕ್ಷರಗಳನ್ನು ಎಣಿಸಿ, 160 ಇದ್ದರೆ ಒಂದು ಮಾತು ಮುಗಿಯುತ್ತದೆಂದು ಕಂಡುಕೊಂಡರು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತರು ಕ್ರಿಸ್ಮಸ್ ಶುಭಾಶಯದ ಮೊದಲ ಸಂದೇಶವನ್ನು ಕಳುಹಿಸಿದಾಗ ಅದನ್ನು ಬರೆದದ್ದು ಕಂಪ್ಯೂಟರಿನಲ್ಲಿ. ಫೋನಿನಿಂದಲೇ ಉತ್ತರ ಬರೆಯುವ ಉಪಾಯ ಆಗಿನ್ನೂ ಇರಲಿಲ್ಲ.

ಮೊದಲು ಬಂದ ಉಪಾಯ ಅತಿ ಸರಳ. ಗುಂಡಿಯಲ್ಲಿ ಎಷ್ಟನೆಯ ಅಕ್ಷರವೋ ಅಷ್ಟು ಸಲ ಒತ್ತುವುದು. ‘ಎಸ್’ ಬೇಕಾದರೆ 7ನ್ನು ನಾಲ್ಕು ಸಲ. ಇಂಗ್ಲಿಷಿನವರು ಇದನ್ನು ಹೇಗೋ ಸಹಿಸಿಕೊಂಡರು. ಕನ್ನಡಿಗನಿಗೆ ಇದರಲ್ಲಿ ಬೇರೊಂದು ಕಂಟಕವಿದ್ದಿತು. ಒಂದೇ ಗುಂಡಿಯ ಎರಡು ಅಕ್ಷರಗಳು ಒಂದರ ಹಿಂದೊಂದು ಬಂದರೆ ನಡುವೆ ಕ್ಷಣಕಾಲ ಬೆರಳನ್ನು ತಡೆದು ನಿಲ್ಲಬೇಕು. ನಮ್ಮ ನುಡಿಯೋ ದ್ವಿತ್ವಗಳ ನುಡಿ. ಅಕ್ಕ, ಅಜ್ಜ, ಬೆಲ್ಲ, ಹಳ್ಳಿ, ಎಲ್ಲಿ, ಇಲ್ಲ—ಎಲ್ಲೆಲ್ಲಿಯೂ ಈ ತಡೆ. ಅಣ್ಣನನ್ನು ಬರೆಯಬೇಕೆಂದರೆ 2ನ್ನು ಒಮ್ಮೆ, 6ನ್ನು ಎರಡು ಸಲ ಒತ್ತಿ, ನಿಂತು, ಮತ್ತೆ 6ನ್ನು ಎರಡು ಸಲ, ಕಡೆಗೆ 2ನ್ನು ಒಮ್ಮೆ ಒತ್ತಬೇಕು. ಒಟ್ಟು ಆರು ಒತ್ತು, ಒಂದು ಉಸಿರಿನ ಬಿಡುವು. ಆ ಬಿಡುವನ್ನು ಅರಿಯದೆ ಅವಸರಪಟ್ಟವನ ಪದವು ಒತ್ತಕ್ಷರವನ್ನು ಕಳೆದುಕೊಂಡು ಬೇರೆಯೇ ಪದವಾಗುತ್ತಿದ್ದಿತು.

ಎರಡನೆಯ ಉಪಾಯ ಸಿಯಾಟಲ್ ನಗರದ ಟೀಜಿಕ್ ಎಂಬ ಸಂಸ್ಥೆಯದು. ‘ಟಿ9’ ಎಂದು ಅದರ ಹೆಸರು. ಮಾರ್ಟಿನ್ ಕಿಂಗ್ ಮತ್ತು ಕ್ಲಿಫ್ ಕುಶ್ಲರ್ ಎಂಬ ಅದರ ನಿರ್ಮಾಪಕರು ಮೊದಲು ಯೋಚಿಸಿದ್ದು ಫೋನನ್ನು ಕುರಿತಲ್ಲ, ಮಾತೂ ಕೈಯೂ ಆಡದ ಅಂಗವಿಕಲರನ್ನು ಕುರಿತು. ಕೆಲವೇ ಸಂಜ್ಞೆಗಳಿಂದ ಅವರು ಇಡಿಯ ಮಾತನ್ನು ಹೇಳುವುದು ಹೇಗೆಂಬ ಚಿಂತನೆಯಿಂದ ಇದು ಹುಟ್ಟಿತು. ಅಕ್ಷರಕ್ಕೆ ಒಂದೇ ಒತ್ತು. ಯಾವ ಅಕ್ಷರವೆಂಬುದನ್ನು ಪದ ಮುಗಿಯುವ ಹೊತ್ತಿಗೆ ಯಂತ್ರವು ತನ್ನ ನಿಘಂಟನ್ನು ನೋಡಿ ನಿರ್ಧರಿಸುತ್ತದೆ. ನಿಘಂಟು ಇಂಗ್ಲಿಷಿನದಾದ್ದರಿಂದ ‘ಮನೆ’ ಎಂದು ಒತ್ತಿದರೆ ಹೆಸರು ಎಂಬರ್ಥದ ‘ನೇಮ್’ ಮೂಡುತ್ತಿದ್ದಿತು, ಎರಡರ ಅಂಕಿಗಳೂ 6263 ಆದ ಕಾರಣ. ತಾಳ್ಮೆಯಿದ್ದವರು ತಮ್ಮ ಮಾತುಗಳನ್ನು ಒಂದೊಂದಾಗಿ ಅದಕ್ಕೆ ಕಲಿಸಬಹುದಾಗಿದ್ದಿತು. ನಾನು ಹಾಗೆ ಕಲಿಸಿದ್ದೆ, ‘ಅಮ್ಮ’ನನ್ನೂ ಕಲಿಸಿದ್ದೆ. ಆದರೆ 2662ಕ್ಕೆ ‘ಆ್ಯನಾ’ ಎಂಬ ಆಂಗ್ಲ ಸ್ತ್ರೀಯೊಬ್ಬಳು ಮೊದಲೇ ಹಕ್ಕುದಾರಳಾಗಿದ್ದಳು. ನಕ್ಷತ್ರದ ಗುಂಡಿಯನ್ನು ಒತ್ತಿದರೆ ಆಕೆ ಸರಿದು ಅಮ್ಮ ಬರುತ್ತಿದ್ದರು. ಆ ದಿನ ಒತ್ತಲು ಮರೆತೆ. ‘ಆ್ಯನಾ’ ಅಕ್ಕನ ಕಣ್ಣಿಗೆ ‘ಅಣ್ಣ’ನಾದಳು.

ಮಧ್ಯಮಮಾರ್ಗವೊಂದೂ ಇದ್ದಿತು. 2006ರ ಬ್ಲ್ಯಾಕ್‌ಬೆರಿ ಪರ್ಲ್ ಫೋನಿನಲ್ಲಿ ಬೆರಳಚ್ಚು ಯಂತ್ರದ ಕ್ರಮವನ್ನೇ ಉಳಿಸಿಕೊಂಡು ಬಹುತೇಕ ಗುಂಡಿಗಳಿಗೆ ಎರಡೆರಡು ಅಕ್ಷರಗಳನ್ನು ಇಟ್ಟಿದ್ದರು. ಊಹೆಯನ್ನು ಯಂತ್ರಕ್ಕೆ ಬಿಡಬಹುದು, ಬೇಡವೆಂದರೆ ಬೆರಳಿಂದ ಒತ್ತಿ ಒತ್ತಿ ಆರಿಸಿಕೊಳ್ಳಬಹುದು.

ಇಷ್ಟರ ನಡುವೆ ಕನ್ನಡವನ್ನು ಕನ್ನಡದಲ್ಲಿಯೇ ಏಕೆ ಬರೆಯಲಿಲ್ಲವೆಂದು ಇಂದಿನ ಮಕ್ಕಳು ಕೇಳಿಯಾರು. ಲೆಕ್ಕ ಹೀಗಿದೆ: ರೋಮನ್ ಲಿಪಿಯ ಸಂದೇಶಕ್ಕೆ 160 ಅಕ್ಷರಗಳು, ಯುನಿಕೋಡಿನ ಸಂದೇಶಕ್ಕೆ 70 ಮಾತ್ರ. ಕಣ್ಣಿಗೆ ಮೂರಕ್ಷರವಾಗಿ ತೋರುವ ‘ಕನ್ನಡ’ವೇ ಯಂತ್ರದ ಎಣಿಕೆಯಲ್ಲಿ ಕ, ನ, ಹಲಂತ, ನ, ಡ ಎಂದು ಐದಾಗುತ್ತದೆ. ಹೀಗೆ ಎಣಿಸಿ ಎಣಿಸಿ ಕಳುಹಿಸಿದರೂ ಅತ್ತಲಿನ ಫೋನಿನಲ್ಲಿ ಅದು ಚೌಕಾಕಾರದ ಡಬ್ಬಿಗಳ ಸಾಲಾಗಿ ಮೂಡುವ ಸಂಭವವೇ ಹೆಚ್ಚು.

ಆದರೂ ನನಗೊಂದು ಕುತೂಹಲವಿದ್ದಿತು. ನಮ್ಮ ವರ್ಣಮಾಲೆಯ ಐದು ವರ್ಗಗಳನ್ನು ಐದು ಗುಂಡಿಗಳಿಗೆ ಹಂಚಿದರೆ ಹೇಗಿದ್ದೀತು? ಮಳೆಗಾಲದ ಒಂದು ಮಧ್ಯಾಹ್ನ ಕಾಗದದ ಮೇಲೆ ಗೀಚಿ ನೋಡಿದೆ. ಬೆರಳಿನ ಲೆಕ್ಕದಲ್ಲಿ ಅದು ಘೋರ ವಿನ್ಯಾಸ. ಉಚ್ಚಾರಣಸ್ಥಾನಗಳನ್ನು ಅರಿತು ನಮ್ಮ ಪೂರ್ವಿಕರು ಅನುನಾಸಿಕಗಳನ್ನು ವರ್ಗದ ಕಡೆಗೆ ಇಟ್ಟರು. ಆದರೆ ಬರೆಹದಲ್ಲಿ ನಕಾರ ಮಕಾರಗಳು ಸಾಲುಸಾಲಿಗೂ ಬೇಕು. ‘ನಮ್ಮ’ ಎಂಬ ಎರಡಕ್ಷರಕ್ಕೆ ಹದಿನೈದು ಒತ್ತು, ಹಲಂತ ಬೇರೆ! ಊಹೆಯ ಲೆಕ್ಕದಲ್ಲಿ ಮಾತ್ರ ಅದು ಸೊಗಸು: ಅಮ್ಮ ಪವರ್ಗಕ್ಕೂ, ಅಣ್ಣ ಟವರ್ಗಕ್ಕೂ, ಅನ್ನ ತವರ್ಗಕ್ಕೂ ಸರಿದು ಮೂವರೂ ಬೇರೆ ಬೇರೆ ಮನೆ ಮಾಡುತ್ತಾರೆ. ಹಿಗ್ಗಿದೆ. ಮರುಕ್ಷಣವೇ ಹೊಳೆಯಿತು, ಈಗ ಅಪ್ಪ ಅಮ್ಮಂದಿರು ಒಂದೇ ಗುಂಡಿಗೆ ಬಂದರು. ಜೊತೆಗೆ, ಕರೆಯದೆಯೇ, ‘ಅಬ್ಬ’ ಎಂಬ ಉದ್ಗಾರವೂ ಬಂದಿತು. ಗುಂಡಿಗಳು ಕಡಮೆಯಿರುವ ತನಕ ಯಾರಾದರಿಬ್ಬರು ಒಂದೇ ಸೂರಿನಡಿ ಇರಲೇಬೇಕು. ನಮಗೆ ಉಳಿಯುವ ಆಯ್ಕೆ, ಯಾವ ಇಬ್ಬರನ್ನು ಕೂಡಿಸಿದರೆ ಮನೆಯಲ್ಲಿ ಜಗಳ ಕಡಮೆ ಎಂಬುದಷ್ಟೆ.

ದೊಡ್ಡ ಕೀಲಿಮಣೆಯಲ್ಲಿ ಈ ಇಕ್ಕಟ್ಟನ್ನು ಕಿನ್ನಿಕಂಬಳದ ಕೆ. ಪಿ. ರಾಯರು 1980ರ ದಶಕದಲ್ಲಿಯೇ ಬಿಡಿಸಿದ್ದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ, ‘ಶಿಫ್ಟ್’ ಒಂದರ ನೆರವಿನಿಂದ, ಕನ್ನಡದ ಅಕ್ಷರಗಳನ್ನೆಲ್ಲ ಅವರು ಕೂರಿಸಿದರು: ‘ಕೆ’ ಒತ್ತಿದರೆ ಕಕಾರ, ‘ಎನ್’ ಒತ್ತಿದರೆ ನಕಾರ, ಶಿಫ್ಟಿನೊಡನೆ ಒತ್ತಿದರೆ ಣಕಾರ. ನಮ್ಮ ಉಚ್ಚಾರಣೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ‘ಎಫ್’ಗೆ ಒತ್ತಕ್ಷರವನ್ನು ಬೆಸೆಯುವ ಉದ್ಯೋಗವನ್ನು ಕೊಟ್ಟುದು, ನನ್ನ ಎಣಿಕೆಯಲ್ಲಿ, ಪ್ರತಿಭೆಯ ಕೆಲಸ. ‘ಕನ್ನಡ’ಕ್ಕೆ ಐದೇ ಒತ್ತು; ಯಂತ್ರವು ಏನನ್ನೂ ಊಹಿಸಬೇಕಾಗಿಲ್ಲ. ಮುಂದೆ ರಾಜ್ಯ ಸರ್ಕಾರವೂ ಈ ವಿನ್ಯಾಸವನ್ನೇ ಅಂಗೀಕರಿಸಿತು. ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗಳನ್ನು ಹೊಕ್ಕಿತು.

2007ರ ಐಫೋನಿನಿಂದೀಚೆಗೆ ಗುಂಡಿಗಳು ಗಾಜಿನ ಮೇಲಿನ ಚಿತ್ರಗಳಾದ ಮೇಲೆ, ಯಾವ ಅಕ್ಷರವನ್ನು ಎಲ್ಲಿ ಬೇಕಾದರೂ ಬರೆಯಬಹುದಾಯಿತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿ ಫೋನಿನ ತೆರೆಯ ಮೇಲೆ ನೇರವಾಗಿ ಮೂಡಿತು. ಈಗ ರಾಯರ ವಿನ್ಯಾಸವೂ ಉಂಟು. ಒಂದು ವ್ಯಂಜನವನ್ನು ಮುಟ್ಟಿದೊಡನೆ ಅದರ ಕಾಗುಣಿತವನ್ನು ಮೇಲುಸಾಲಿನಲ್ಲಿ ಹರಡುವ ವರ್ಣಮಾಲೆಯ ಮಣೆಯೂ ಉಂಟು. ಗಾಜಿನ ಮೇಲೆ ಬೆರಳನ್ನು ಎತ್ತದೆ ಎಳೆಯುವ ವಿಧಾನವೂ ಉಂಟು—ಅದರ ಮೂಲಪುರುಷರಲ್ಲೊಬ್ಬರು ಟಿ9ರ ಆ ಕುಶ್ಲರರೇ. ಆದರೆ ನನ್ನ ಸುತ್ತಲಿನವರಲ್ಲಿ ಬಹುಮಂದಿ ರೋಮನ್ನಿನಲ್ಲಿ ಒತ್ತಿ ಕನ್ನಡವನ್ನು ಪಡೆಯುತ್ತಾರೆ. ಅಲ್ಲಿ ಹಳೆಯ ವ್ಯಾಜ್ಯ ಮತ್ತೆ ತಲೆಯೆತ್ತಿದೆ. ‘ಕಲಿ’ಯೆಂದು ಒತ್ತಿದವನ ಮುಂದೆ ಕಲಿ, ಕಳಿ, ಕಾಳಿ, ಖಾಲಿ ಎಲ್ಲರೂ ಸಾಲುಗಟ್ಟಿ ನಿಲ್ಲುತ್ತಾರೆ. ಅಮ್ಮನೇನೋ ಪ್ರತ್ಯೇಕವಾದರು, ಅಣ್ಣನಿಗೂ ಅನ್ನಕ್ಕೂ ಇನ್ನೂ ಬೇರ್ಪಾಡಾಗಿಲ್ಲ. ಆದಕಾರಣ ನಾನು ರಾಯರ ಮಣೆಯನ್ನೇ ಹಿಡಿದಿದ್ದೇನೆ, ಕಿರಿದಾದ ಗಾಜಿನ ಮೇಲೆ ಶಿಫ್ಟನ್ನು ಹುಡುಕುವುದು ಹೆಬ್ಬೆರಳಿಗೆ ದಂಡವೇ ಆದರೂ.

ಮೊನ್ನೆ ಅಕ್ಕನಿಗೆ, ಣಕಾರಕ್ಕೆ ಣಕಾರವನ್ನೇ ಒತ್ತಿ, ಕನ್ನಡ ಲಿಪಿಯಲ್ಲಿ ‘ಅಣ್ಣ ಸಂಜೆ ಬಸ್ಸಿಗೆ ಬರುತ್ತಾರೆ’ ಎಂದು ಕಳುಹಿಸಿದೆ. ಎರಡು ನಿಮಿಷದೊಳಗೆ ಫೋನು ಬಂದಿತು.

“ನಿಜವಾಗ್ಲೂ ಯಾರೋ ಬರೋದು? ಸಾರಿಗೆ ಖಾರ ಎಷ್ಟು ಹಾಕ್ಲಿ, ಅದನ್ನ ಹೇಳು.”