ಕಲ್ಲಿಗೂ ಬಯಲಿಗೂ ಒಂದೇ ಸಸ್ಪೆನ್ಷನ್

ವರ್ಕ್‌ಶಾಪಿನಲ್ಲಿ ನಾವೆಲ್ಲ 'ಬಾಜಾ, ಬಾಜಾ' ಅಂತ ಬಾಯಿತುಂಬ ಹೇಳ್ತೀವಲ್ಲ, ಆ ಹೆಸರು ಬಂದಿದ್ದು ಒಂದು ಮರುಭೂಮಿ ನಾಡಿನಿಂದ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ 1967ರಲ್ಲಿ ಟಿಹುವಾನಾ ಊರಿನಿಂದ ಲಾ ಪಾಜ್‌ವರೆಗೆ ಒಂದು ರೇಸ್ ಶುರುವಾಯಿತು. ಅದೇ ಹೆಸರು ಹೊತ್ತು 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸ್ಪರ್ಧೆ ಹುಟ್ಟಿತು. ಮುಂದೆ ಅದು ನಮ್ಮ ದೇಶದ ಕಾಲೇಜುಗಳಿಗೂ ಬಂತು.

ಹೆಸರೇನೋ ಬಂತು, ಮರುಭೂಮಿಯ ಪಾಠ ಪೂರ್ತಿ ಬರಲಿಲ್ಲ. ಗಾಡಿಗೆ ಹೊಸ ಸ್ಪ್ರಿಂಗ್ ಹಾಕ್ತೀವಿ, ಒಂದು ಚಕ್ರವನ್ನು ಬಂಡೆ ಮೇಲೆ ಹತ್ತಿಸ್ತೀವಿ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ 'ಸಸ್ಪೆನ್ಷನ್ ಸೂಪರ್' ಅಂತೀವಿ. ಅದು ಪರೀಕ್ಷೆಯ ಒಂದು ಸಣ್ಣ ತುಂಡು ಅಷ್ಟೇ. ಪೂರ್ತಿ ಪರೀಕ್ಷೆ ಹೇಗಿರುತ್ತೆ ಅಂತ ತಿಳಿಯೋಕೆ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರೋ ಜಾನ್ಸನ್ ವ್ಯಾಲಿಗೆ ಹೋಗೋಣ.

ಒಂದೇ ಜಾಗ, ಎರಡು ಶತ್ರುಗಳು

2007ರಲ್ಲಿ 13 ತಂಡಗಳಿಂದ ಶುರುವಾದ 'ಕಿಂಗ್ ಆಫ್ ದಿ ಹ್ಯಾಮರ್ಸ್' ರೇಸ್ ನಡೆಯೋದು ಇಲ್ಲೇ. ಸ್ಲೆಡ್ಜ್‌ಹ್ಯಾಮರ್, ಜ್ಯಾಕ್‌ಹ್ಯಾಮರ್ ಅಂತ ಇಲ್ಲಿನ ಕಲ್ಲುದಾರಿಗಳ ಹೆಸರಲ್ಲೇ ಸುತ್ತಿಗೆ ಇದೆ. ಒಣಗಿದ ಕೆರೆಯ ಬಯಲಲ್ಲಿ ಗಾಡಿಗಳು ಗಂಟೆಗೆ 160 ಕಿ.ಮೀ. ದಾಟುತ್ತವೆ. ಅದೇ ಗಾಡಿ ಕಣಿವೆಯ ಬಂಡೆಗಳ ನಡುವೆ ಮನುಷ್ಯ ನಡೆಯೋ ವೇಗಕ್ಕಿಂತ ನಿಧಾನ ತೆವಳಬೇಕು.

ಬಂಡೆ ಕೇಳೋದು ಮೆತ್ತನೆಯ ಸ್ಪ್ರಿಂಗ್, ಉದ್ದ ಟ್ರಾವೆಲ್, ನಾಲ್ಕೂ ಚಕ್ರ ನೆಲ ಬಿಡದ ಹಾಗೆ ತಿರುಚಿಕೊಳ್ಳೋ ಗುಣ. ಬಯಲು ಕೇಳೋದು ಬಿಗಿಯಾದ ಡ್ಯಾಂಪಿಂಗ್, ಓಲಾಡದ ಬಾಡಿ. ಒಂದಕ್ಕೆ ಒಳ್ಳೇದು ಮಾಡಿದರೆ ಇನ್ನೊಂದಕ್ಕೆ ಕೆಟ್ಟದ್ದು. ಹಾಗಾಗಿ ಪರೀಕ್ಷೆ ಅಂದರೆ 'ಚೆನ್ನಾಗಿದೆಯಾ' ಅಂತ ಕೇಳೋದಲ್ಲ, 'ಎಲ್ಲಿ ಚೆನ್ನಾಗಿದೆ, ಅದಕ್ಕೆ ಎಲ್ಲಿ ಬೆಲೆ ಕೊಟ್ಟಿದ್ದೀವಿ' ಅಂತ ಕೇಳೋದು.

ಗಾಡಿ ನಿಂತಲ್ಲೇ ಅರ್ಧ ಪರೀಕ್ಷೆ

ಮೊದಲು ನಾಲ್ಕೂ ಚಕ್ರದ ಕೆಳಗಿನ ತೂಕ, ರೈಡ್ ಹೈಟ್, ಟೈರ್ ಗಾಳಿ ಬರೆದಿಟ್ಟುಕೊಳ್ಳಬೇಕು. ಟೈರೂ ಒಂದು ಸ್ಪ್ರಿಂಗೇ. ಬೆಳಗಿನ ಚಳಿಯಲ್ಲಿ ತುಂಬಿದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಏರುತ್ತೆ. ಅದನ್ನು ನೋಡದಿದ್ದರೆ ಶಾಕ್ ಅಬ್ಸಾರ್ಬರ್ ಹಾಳಾಯ್ತು ಅಂತ ತಪ್ಪು ತೀರ್ಪು ಕೊಟ್ಟುಬಿಡ್ತೀವಿ.

ಆಮೇಲೆ ಸ್ಪ್ರಿಂಗ್ ಬಿಚ್ಚಿ, ಜ್ಯಾಕ್ ಹಾಕಿ, ಚಕ್ರವನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಓಡಿಸಿ ನೋಡಬೇಕು. ಬ್ರೇಕ್ ಹೋಸ್ ಎಳೀತಾ ಇದೆಯಾ? ಡ್ರೈವ್ ಶಾಫ್ಟಿನ ಜಾಯಿಂಟ್ ಸಿಕ್ಕಿಕೊಳ್ಳುತ್ತಾ? ಟೈರ್ ಎಲ್ಲಿ ಉಜ್ಜುತ್ತೆ? ಶಾಕ್ ತಳ ಮುಟ್ಟೋ ಮೊದಲೇ ಬಂಪ್ ಸ್ಟಾಪ್ ತಡೆಯುತ್ತಾ? ಇದನ್ನು ಶೆಡ್ಡಿನಲ್ಲಿ ನೋಡಿದರೆ ಹತ್ತು ನಿಮಿಷದ ಕೆಲಸ. ನೋಡದೆ ಹೋಗಿ ಕಣಿವೆಯಲ್ಲಿ ಬ್ರೇಕ್ ಹೋಸ್ ಕಿತ್ತರೆ ಅದು ಜೀವದ ಪ್ರಶ್ನೆ.

ಇಲ್ಲೇ ನಮ್ಮವರು ಬಹಳ ಸಲ ಎಡವೋ ಒಂದು ಲೆಕ್ಕ ಇದೆ. ಕ್ಯಾಟಲಾಗಿನಲ್ಲಿ ಬರೆದ ಸ್ಪ್ರಿಂಗ್ ರೇಟ್ ಚಕ್ರಕ್ಕೆ ಹಾಗೇ ಸಿಗೋದಿಲ್ಲ. ಶಾಕ್ ಅನ್ನು ಆರ್ಮಿನ ಒಳಭಾಗಕ್ಕೆ ಕೂರಿಸಿ, ಚಕ್ರ 10 ಮಿ.ಮೀ. ಏರಿದಾಗ ಶಾಕ್ 7 ಮಿ.ಮೀ. ಮಾತ್ರ ಕುಗ್ಗಿದರೆ ಮೋಷನ್ ರೇಶಿಯೋ 0.7. ಚಕ್ರದ ಹತ್ತಿರದ ರೇಟ್‌ಗೆ ಅದರ ವರ್ಗದಿಂದ, ಅಂದರೆ 0.49ರಿಂದ ಗುಣಿಸಬೇಕು. 50 ನ್ಯೂಟನ್ ಪ್ರತಿ ಮಿ.ಮೀ. ಸ್ಪ್ರಿಂಗ್ ಹಾಕಿದರೂ ಚಕ್ರಕ್ಕೆ ಸಿಗೋದು ಸುಮಾರು 25.

ಬಂಡೆಯ ಮೇಲೆ

ತಿರುಚೋ ಗುಣ ಅಳೆಯೋಕೆ ಒಂದು ರೂಢಿಯ ವಿಧಾನ ಇದೆ. 20 ಡಿಗ್ರಿ ಇಳಿಜಾರಿನ ರ್‍ಯಾಂಪ್ ಮೇಲೆ ಒಂದೇ ಮುಂಚಕ್ರವನ್ನು ಹತ್ತಿಸುತ್ತಾ ಹೋಗಿ, ಬೇರೆ ಯಾವುದಾದರೂ ಚಕ್ರ ನೆಲ ಬಿಡೋ ಹಂತಕ್ಕೆ ನಿಲ್ಲಿಸೋದು. ಹತ್ತಿದ ದೂರವನ್ನು ವೀಲ್‌ಬೇಸ್‌ನಿಂದ ಭಾಗಿಸಿ 1000ದಿಂದ ಗುಣಿಸಿದರೆ ಅಂಕ ಸಿಗುತ್ತೆ. ವೀಲ್‌ಬೇಸ್ 2450 ಮಿ.ಮೀ., ಹತ್ತಿದ್ದು 1470 ಮಿ.ಮೀ. ಆದರೆ ಅಂಕ 600. ನಮ್ಮ ಬಂಡೆ ಫೋಟೋ ತೋರಿಸೋದೂ ಇದನ್ನೇ. ಆದರೆ ಇದು ನಿಂತ ಗಾಡಿಯ ಅಂಕ. ಡ್ಯಾಂಪರ್ ಬಗ್ಗೆ ಒಂದಕ್ಷರವನ್ನೂ ಹೇಳೋದಿಲ್ಲ.

ಇನ್ನೊಂದು ಎಚ್ಚರಿಕೆ. ಟ್ರ್ಯಾಕ್ ಅಗಲ 1500 ಮಿ.ಮೀ., ಗುರುತ್ವ ಕೇಂದ್ರ 700 ಮಿ.ಮೀ. ಎತ್ತರ ಇರೋ ಗಾಡಿ ತಗೊಳ್ಳಿ. ಅರ್ಧ ಅಗಲವನ್ನು ಎತ್ತರದಿಂದ ಭಾಗಿಸಿದರೆ 1.07. ಅಂದರೆ ಲೆಕ್ಕದ ಪ್ರಕಾರ 47 ಡಿಗ್ರಿ ಓರೆಗೆ ಅದು ಉರುಳುತ್ತೆ. ಈಗ 100 ಮಿ.ಮೀ. ಲಿಫ್ಟ್ ಮಾಡ್ತೀವಿ. ಚಕ್ರ, ಆಕ್ಸಲ್ ಇದ್ದಲ್ಲೇ ಇರೋದರಿಂದ ಗುರುತ್ವ ಕೇಂದ್ರ 80 ಮಿ.ಮೀ. ಏರಿತು ಅಂದುಕೊಳ್ಳೋಣ. ಅಂಕ 0.96ಕ್ಕೆ, ಕೋನ 44 ಡಿಗ್ರಿಗೆ ಇಳಿಯಿತು. ಕೆಳಬದಿಯ ಸ್ಪ್ರಿಂಗ್ ಕುಗ್ಗಿ ಬಾಡಿ ವಾಲಿದರೆ ಇನ್ನೂ ಕಮ್ಮಿ. ಮೂರೇ ಡಿಗ್ರಿ ತಾನೇ ಅನ್ನಬೇಡಿ. ಒಂದಕ್ಕಿಂತ ಕೆಳಗೆ ಬಂದ ಗಾಡಿ, ಟೈರ್ ಚೆನ್ನಾಗಿ ಹಿಡಿಯೋ ಕಲ್ಲಿನ ಮೇಲೆ ಜಾರೋ ಬದಲು ಉರುಳಬಹುದು. ರೋಲ್ ಕೇಜ್, ಸೀಟ್ ಬೆಲ್ಟ್ ಇಲ್ಲದೆ ಲಿಫ್ಟ್ ಮಾಡಿದ ಗಾಡಿಯನ್ನು 'ಟೆಸ್ಟ್' ಮಾಡೋದು ಧೈರ್ಯ ಅಲ್ಲ, ದಡ್ಡತನ.

ಬಯಲಿನ ಉಬ್ಬುಗಳ ಮೇಲೆ

ಗಾಡಿಗಳು ಓಡಿ ಓಡಿ ಮರಳಿನಲ್ಲಿ ಅಲೆಯಂತೆ ಸಾಲುಸಾಲು ಉಬ್ಬು ಏಳುತ್ತವೆ. ಅದಕ್ಕೆ ಅಲ್ಲಿ 'ವೂಪ್ಸ್' ಅಂತಾರೆ. ಇಲ್ಲಿ ನಮ್ಮ ಮೂರನೇ ಸೆಮಿಸ್ಟರ್ ಗಣಿತ ಜೀವಂತ ಆಗುತ್ತೆ.

ಒಂದು ಮೂಲೆಯ ಮೇಲೆ 400 ಕೆ.ಜಿ., ಚಕ್ರದ ಹತ್ತಿರ ರೇಟ್ 25 ನ್ಯೂಟನ್ ಪ್ರತಿ ಮಿ.ಮೀ. ಇದ್ದರೆ ಸಹಜ ಕಂಪನಾಂಕ ಸುಮಾರು 1.26 ಹರ್ಟ್ಸ್. ಉಬ್ಬಿನಿಂದ ಉಬ್ಬಿಗೆ 6 ಮೀಟರ್ ಇದೆ ಅನ್ನಿ. ಗಂಟೆಗೆ 27 ಕಿ.ಮೀ., ಅಂದರೆ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಹೋದರೆ ನೆಲ ಗಾಡಿಯನ್ನು 1.25 ಹರ್ಟ್ಸ್‌ನಲ್ಲಿ ತಳ್ಳುತ್ತೆ. ಅದೇ ರೆಸೊನೆನ್ಸ್! ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಗಾಡಿ ಕುಣಿಯೋಕೆ ಶುರುಮಾಡುತ್ತೆ. 60 ಕಿ.ಮೀ. ವೇಗದಲ್ಲಿ ಅದು 2.8 ಹರ್ಟ್ಸ್ ಆಗುತ್ತೆ. ಆಗ ಚಕ್ರ ಕುಣಿದರೂ ಬಾಡಿ ಹೆಚ್ಚುಕಡಿಮೆ ನೇರ ಹೋಗುತ್ತೆ. ಅನುಭವಿ ರೇಸರ್‌ಗಳು ಉಬ್ಬಿನ ತುದಿಗಳ ಮೇಲೆ ತೇಲಿದ ಹಾಗೆ ಹೋಗೋದು ಹೀಗೆ. ಆದರೆ ಆ ವೇಗಕ್ಕೆ ಏರುವಾಗ 27ನ್ನು ದಾಟಿಸೋದು ಡ್ಯಾಂಪರ್ ಕೆಲಸ.

ಗಾಡಿ ಕೊಡೋ ಲಕ್ಷಣಗಳನ್ನು ಓದೋಕೆ ಕಲಿಯಬೇಕು. ಪ್ರತಿ ಉಬ್ಬಿಗೂ ಸ್ವಲ್ಪ ಸ್ವಲ್ಪ ಕೆಳಗೆ ಕೂರ್ತಾ ಹೋದರೆ ರಿಬೌಂಡ್ ಡ್ಯಾಂಪಿಂಗ್ ಜಾಸ್ತಿ ಇರಬಹುದು. ಅಂದರೆ ಮುಂದಿನ ಉಬ್ಬು ಬರೋ ಹೊತ್ತಿಗೆ ಚಕ್ರ ಪೂರ್ತಿ ಇಳಿದಿರೋದಿಲ್ಲ. ಹಿಂಭಾಗ ಒದ್ದ ಹಾಗೆ ಮೇಲೆದ್ದರೆ ರಿಬೌಂಡ್ ಕಮ್ಮಿ ಇರಬಹುದು. ಶಾಕ್ ರಾಡಿಗೆ ಒಂದು ಜಿಪ್ ಟೈ ಸಡಿಲಕ್ಕೆ ಕಟ್ಟಿದರೆ, ಅದು ಸರಿದು ನಿಂತ ಜಾಗ ಎಷ್ಟು ಟ್ರಾವೆಲ್ ಬಳಕೆಯಾಯ್ತು ಅಂತ ಹೇಳುತ್ತೆ. ಐದು ರೂಪಾಯಿ ಸೆನ್ಸರ್!

ಇನ್ನು ಬಿಸಿ. ಅದೇ ಸ್ಪ್ರಿಂಗ್ 200 ಮಿ.ಮೀ. ಒತ್ತಿದರೆ ಅದರಲ್ಲಿ 500 ಜೌಲ್ ಕೂತಿರುತ್ತೆ. ಸೆಕೆಂಡಿಗೆ ಎರಡು ಉಬ್ಬು, ಪ್ರತಿ ಸಲ ಅದರ ಅರ್ಧ ಡ್ಯಾಂಪರ್ ನುಂಗಿದರೂ 500 ವ್ಯಾಟ್. ಹಾಸ್ಟೆಲಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಬಕೆಟ್ಟಿಗೆ ಇಳಿಬಿಡೋ ಸಣ್ಣ ಹೀಟರ್ ರಾಡ್ ಪ್ರತಿ ಶಾಕ್ ಒಳಗೂ ಉರೀತಾ ಇದ್ದ ಹಾಗೆ. ಎಣ್ಣೆ ಬಿಸಿಯಾಗಿ ತೆಳುವಾದಾಗ, ಗಾಳಿ ಬೆರೆತು ನೊರೆಯಾದಾಗ ಡ್ಯಾಂಪಿಂಗ್ ಸೋರಿಹೋಗುತ್ತೆ. ನೈಟ್ರೋಜನ್ ತುಂಬಿದ ಪ್ರತ್ಯೇಕ ರಿಸರ್ವಾಯರ್ ಇರೋದು ಇದನ್ನು ತಡೆಯೋಕೆ. ಹಾಗಾಗಿ ಎರಡು ನಿಮಿಷದ ಓಟ ಸಾಲದು. ಅರ್ಧ ಗಂಟೆ ಓಡಿಸಿ, ನಿಲ್ಲಿಸಿದ ತಕ್ಷಣ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಶಾಕ್ ನೋಡಬೇಕು. ಮೂರು ಬಿಸಿ, ಒಂದು ತಣ್ಣಗೆ ಇದ್ದರೆ ಖುಷಿಪಡಬೇಡಿ, ಆ ತಣ್ಣಗಿರೋದು ಕೆಲಸವನ್ನೇ ಮಾಡ್ತಾ ಇಲ್ಲದಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ

ನಮಗೆ ಅತಿ ಕಷ್ಟದ ನಿಯಮ ಇದೇ. ಸ್ಪ್ರಿಂಗೂ ಬದಲಾಯಿಸಿ, ರಿಬೌಂಡೂ ತಿರುಗಿಸಿ, ಗಾಳಿಯನ್ನೂ ಇಳಿಸಿದರೆ ಸುಧಾರಿಸಿದ್ದು ಯಾವುದರಿಂದ ಅಂತ ದೇವರಿಗೇ ಗೊತ್ತು. ಅದೇ ದಾರಿ, ಅದೇ ಡ್ರೈವರ್, ಅದೇ ವೇಗ. ಒಂದು ಬದಲಾವಣೆ, ಒಂದು ಓಟ, ಒಂದು ಸಾಲು ಬರಹ. ಕೊನೆಗೆ ಮೊದಲಿನ ಸೆಟ್ಟಿಂಗಿಗೆ ವಾಪಸ್ ಬಂದು ಇನ್ನೊಮ್ಮೆ ಓಡಿಸಬೇಕು. ಮೊದಲಿನ ಫಲಿತಾಂಶವೇ ಬರದಿದ್ದರೆ ನಡುವೆ ಬೇರೇನೋ ಬದಲಾಗಿದೆ ಅಂತ ಅರ್ಥ.

ಮೊಹಾವಿಯಲ್ಲಿ ನಿಂತ ಗಾಡಿ ತೆಗೆಯೋ ಮುಂಚೆ ಬಗ್ಗಿ ಕೆಳಗೆ ನೋಡಬೇಕು. ಅಲ್ಲಿನ ಮರುಭೂಮಿ ಆಮೆಗಳು ನೆರಳಿಗೆ ಅಂತ ಗಾಡಿ ಅಡಿ ಬಂದು ಕೂರುತ್ತವೆ. ನಮ್ಮ ಕ್ಯಾಂಪಸ್ಸಿನಲ್ಲಿ ಆಮೆ ಇಲ್ಲ, ಬಗ್ಗಿ ನೋಡೋ ಅಭ್ಯಾಸ ಮಾತ್ರ ನಮಗೂ ಬೇಕು. ಪ್ರತಿ ಓಟ ಆದ ಮೇಲೆ ಬೋಲ್ಟಿಗೆ ಎಳೆದ ಪೇಂಟಿನ ಗೆರೆ ಸರಿದಿದೆಯಾ, ವೆಲ್ಡ್ ಬಿರುಕು ಬಿಟ್ಟಿದೆಯಾ, ಶಾಕ್ ಸೀಲಿನ ಹತ್ತಿರ ಎಣ್ಣೆ ಜಿನುಗಿದೆಯಾ ಅಂತ ನೋಡೋಣ. ಬಂಡೆ ಮೇಲಿನ ಫೋಟೋ ಆಮೇಲೆ ತೆಗೆಯೋಣ.