ಬ್ಯಾಸ್ಕೆಟ್‌ಬಾಲ್ ಪ್ರತಿಭೆಗೆ ಅಳತೆಗೋಲುಂಟೆ?

2007ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎ ತನ್ನ ಹೊಸ ಆಟಗಾರರ ಆಯ್ಕೆಗೆ ಮುನ್ನ ದೇಹದಾರ್ಢ್ಯದ ಪರೀಕ್ಷೆಗಳನ್ನು ನಡೆಸಿತು. ಅಂಗಾತ ಮಲಗಿ ಸುಮಾರು 84 ಕಿಲೋಗ್ರಾಂ ಭಾರವನ್ನು ಎದೆಯ ಮೇಲಿಂದ ಎತ್ತುವುದು ಅವುಗಳಲ್ಲೊಂದು. 18 ವರ್ಷದ ಕೆವಿನ್ ಡ್ಯುರಾಂಟ್ ಎಂಬ ನೀಳಕಾಯದ ತರುಣನಿಗೆ ಅದನ್ನು ಒಂದು ಸಲವೂ ಎತ್ತಲಾಗಲಿಲ್ಲ. ಆದರೂ ಸಿಯಾಟಲ್ ತಂಡವು ಎರಡನೆಯ ಆಯ್ಕೆಯಾಗಿ ಅವನನ್ನೇ ಆರಿಸಿಕೊಂಡಿತು. 2014ರಲ್ಲಿ ಆತ ಎನ್‌ಬಿಎಯ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಗೆ ಪಾತ್ರನಾದ. 2024ರ ವೇಳೆಗೆ ನಾಲ್ಕು ಒಲಿಂಪಿಕ್ ಸುವರ್ಣಪದಕಗಳನ್ನು ಗಳಿಸಿದ್ದ.

ಹಾಗಾದರೆ ಇಂತಹ ಪರೀಕ್ಷೆಗಳು ವ್ಯರ್ಥವೇ? ಹಾಗೆ ಹೇಳುವುದು ದುಡುಕಾದೀತು. ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಬುಟ್ಟಿಯ ಬಳೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿದೆ. ಈ ಕಿರಿದಾದ ಸ್ಥಳದಲ್ಲಿ ಆಟಗಾರನು ಕ್ಷಣಕ್ಷಣಕ್ಕೂ ಓಡಬೇಕು, ತಟ್ಟನೆ ನಿಲ್ಲಬೇಕು, ತಿರುಗಬೇಕು, ನೆಗೆಯಬೇಕು. ಈ ಒಂದೊಂದು ಶಕ್ತಿಯನ್ನೂ ಬೇರೆಬೇರೆಯಾಗಿ ಅಳೆಯಲು ಸಾಧ್ಯ.

ನೆಗೆತದ ಪರೀಕ್ಷೆ ಅತ್ಯಂತ ಸರಳವಾದುದು. ಗೋಡೆಯ ಪಕ್ಕದಲ್ಲಿ ನಿಂತು ಕೈಯೆತ್ತಿ ಒಂದು ಗುರುತು, ನಿಂತಲ್ಲಿಂದಲೇ ಮೇಲೆ ನೆಗೆದು ಇನ್ನೊಂದು ಗುರುತು. ಇವೆರಡರ ಅಂತರವೇ ಫಲಿತಾಂಶ. ಡಡ್ಲಿ ಸಾರ್ಜೆಂಟ್ ಎಂಬ ಅಮೆರಿಕದ ವ್ಯಾಯಾಮ ಶಿಕ್ಷಣತಜ್ಞರು 1921ರಲ್ಲಿ ಈ ಬಗೆಯ ನೆಗೆತದ ಪರೀಕ್ಷೆಯನ್ನು ಪ್ರಕಟಿಸಿದರು. ದಮ್ಮನ್ನು ಅಳೆಯಲು, 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಸದ್ದಿಗೆ ಸರಿಯಾಗಿ ಓಡಿಸುವ ಪರೀಕ್ಷೆಯಿದೆ. ಸದ್ದುಗಳ ಅಂತರ ಬರಬರುತ್ತ ಕಡಿಮೆಯಾಗುವುದರಿಂದ ಓಟದ ವೇಗವೂ ಹೆಚ್ಚಬೇಕಾಗುತ್ತದೆ. ಕೆನಡಾದ ಲೂಕ್ ಲೆಜೆ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಇದನ್ನು ರೂಪಿಸಿದರು.

ತೊಡಕು ಹುಟ್ಟುವುದು ಮಕ್ಕಳನ್ನು ಅಳೆಯುವಾಗ. ಹುಡುಗಿಯರು ಸಾಮಾನ್ಯವಾಗಿ 12ರ ಸುಮಾರಿನಲ್ಲಿಯೂ ಹುಡುಗರು 14ರ ಸುಮಾರಿನಲ್ಲಿಯೂ ಅತಿ ವೇಗವಾಗಿ ಬೆಳೆಯುತ್ತಾರೆ. ಆದರೆ ಪ್ರಕೃತಿ ಎಲ್ಲರಿಗೂ ಒಂದೇ ಪಂಚಾಂಗವನ್ನು ಬರೆದಿಲ್ಲ. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಆಗಲೇ ಮೀಸೆ ಚಿಗುರಿರಬಹುದು. ಇನ್ನೊಬ್ಬನ ಕಂಠ ಇನ್ನೂ ಎಳೆಯದಾಗಿರಬಹುದು. ಆ ದಿನದ ಪರೀಕ್ಷೆಯಲ್ಲಿ ಮೊದಲನೆಯವನೇ ಗೆಲ್ಲುವ ಸಂಭವ ಹೆಚ್ಚು. ಅದು ಪ್ರತಿಭೆಯ ಗೆಲುವಲ್ಲ, ಬೇಗ ಬಂದ ಬೆಳವಣಿಗೆಯ ಗೆಲುವು. ಎರಡನೆಯವನನ್ನು ಅಂದೇ ಮನೆಗೆ ಕಳುಹಿಸಿದರೆ, ಮುಂದೆ ಅವನೇ ಹೆಚ್ಚು ಎತ್ತರಕ್ಕೆ ಬೆಳೆದರೂ ಆಟದ ಪಾಠ ಅವನಿಗೆ ತಪ್ಪಿಹೋಗಿರುತ್ತದೆ.

ಆದುದರಿಂದ ವಿವೇಕಿಯಾದ ತರಬೇತುದಾರನು ಅಂಕಿಗಳ ಜೊತೆಗೆ ಮಗುವಿನ ಬೆಳವಣಿಗೆಯ ಹಂತವನ್ನೂ ಗಮನಿಸುತ್ತಾನೆ. ಒಂದೇ ದಿನದ ಫಲಿತಾಂಶಕ್ಕಿಂತ, ಕೆಲವು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ ಪಟ್ಟಿ ಅವನಿಗೆ ಹೆಚ್ಚು ಬೆಲೆಯುಳ್ಳದ್ದು. ಯಾರ ಕಾಲಿಗೆ ಬಲ ಬೇಕು, ಯಾರಿಗೆ ದಮ್ಮು ಸಾಲದು, ಯಾರಿಗೆ ವಿಶ್ರಾಂತಿ ಅಗತ್ಯ ಎಂಬುದನ್ನು ಆ ಪಟ್ಟಿ ತಿಳಿಸುತ್ತದೆ. ಚೆಂಡು ಯಾರ ಕೈಗೆ ಬರಲಿದೆಯೆಂದು ಮೊದಲೇ ಊಹಿಸುವ ಕಣ್ಣನ್ನೂ ಸೋಲುವಾಗ ಕುಗ್ಗದ ಮನಸ್ಸನ್ನೂ ಮಾತ್ರ ಅಂಕಣದ ಆಟದಲ್ಲಿಯೇ ನೋಡಿ ತಿಳಿಯಬೇಕು.

ಮಗನೋ ಮಗಳೋ ಆಯ್ಕೆಯಾಗದೆ ಸಪ್ಪೆಮೋರೆ ಹಾಕಿಕೊಂಡು ಮನೆಗೆ ಬಂದಾಗ ತಂದೆತಾಯಿಗಳು ನೆನೆಯಬೇಕಾದ ಮಾತಿಷ್ಟೆ: ಅಳತೆಯ ಪಟ್ಟಿಯು ಮಗು ಇಂದು ಎಲ್ಲಿ ನಿಂತಿದೆಯೆಂಬುದನ್ನು ಹೇಳಬಲ್ಲುದು, ನಾಳೆ ಎಲ್ಲಿಗೆ ತಲುಪುವುದೆಂಬುದನ್ನು ಅದೊಂದೇ ಹೇಳಲಾರದು.